ಇಪ್ಪತ್ತಮೂರನೆಯ ಮಗು

ಟೆಕ್ಸಾಸ್ ಸಂಸ್ಥಾನದಲ್ಲಿ ಶಾಲೆಗಳ ಬಾಗಿಲು ಯಾವ ದಿನ ತೆರೆಯಬೇಕೆಂಬುದನ್ನು ಬಹುಕಾಲ ನಿರ್ಧರಿಸಿದವರು ಉಪಾಧ್ಯಾಯರೂ ಅಲ್ಲ, ತಾಯಿತಂದೆಯರೂ ಅಲ್ಲ. ಕಡಲತೀರದ ಹೋಟೆಲುಗಳ ಯಜಮಾನರು ಎಂದರೆ ಅದು ಪೂರ್ತಿ ಸುಳ್ಳಾಗಲಾರದು. ಆಗಸ್ಟ್ ತಿಂಗಳ ನಾಲ್ಕನೆಯ ಸೋಮವಾರಕ್ಕೆ ಮೊದಲು ಪಾಠ ಆರಂಭಿಸಕೂಡದೆಂದು ಅಲ್ಲಿನ ಶಾಸನಸಭೆ 2006ರಲ್ಲಿ ಕಟ್ಟಾಜ್ಞೆ ಹೊರಡಿಸಿತು. ಅದರ ಹಿಂದೆ ಪ್ರವಾಸೋದ್ಯಮದವರ ಒತ್ತಾಯವಿತ್ತೆಂಬುದು ಗುಟ್ಟಿನ ಮಾತೇನಲ್ಲ. ಆಗಸ್ಟಿನ ಬಿರುಬಿಸಿಲಿನಲ್ಲಿ ಮಕ್ಕಳು ಕೊಠಡಿಯೊಳಗೆ ಕುಳಿತು ಗುಣಾಕಾರ ಮಾಡುತ್ತಿದ್ದರೆ ಗ್ಯಾಲ್ವೆಸ್ಟನ್ನಿನ ಮರಳಿನ ಮೇಲೆ ಆಡುವವರು ಯಾರು? ವಿಹಾರೋದ್ಯಾನಗಳ ನೀರಾಟಕ್ಕೆ ಟಿಕೆಟು ಕೊಳ್ಳುವವರು ಯಾರು? ಅಷ್ಟೇ ಏಕೆ, ಆ ಉದ್ಯಾನಗಳ ಬಾಗಿಲಲ್ಲಿ ನಿಂತು ಟಿಕೆಟು ಹರಿದುಕೊಡುವ ಹುಡುಗರೂ ಎಷ್ಟೋ ವೇಳೆ ಹೈಸ್ಕೂಲಿನ ಮಕ್ಕಳೇ!

ಈ ಆಜ್ಞೆಗೊಂದು ಪೂರ್ವಕಥೆಯುಂಟು. 2001ರ ಕಾನೂನು ಆಗಸ್ಟ್ 21ರ ವಾರಕ್ಕೆ ಮೊದಲು ಶಾಲೆ ತೆರೆಯಬಾರದೆಂದು ಹೇಳಿತ್ತು. ಬೇಕಾದವರು ಅರ್ಜಿ ಹಾಕಿ ವಿನಾಯಿತಿ ಪಡೆಯಬಹುದೆಂದೂ ಹೇಳಿತ್ತು. ಅರ್ಜಿ ಹಾಕಿದವರು ಎಷ್ಟು ಮಂದಿಯಾದರೆಂದರೆ, ನಿಯಮವು ಕಾಗದದ ಮೇಲಿನ ಅಲಂಕಾರವಾಗಿ ಉಳಿಯಿತು. ಚಾಪೆಯ ಕೆಳಗೆ ನುಸುಳುವವರಿದ್ದರೆ ರಂಗೋಲಿಯ ಕೆಳಗೆ ನುಸುಳುವವರೂ ಇರುತ್ತಾರಷ್ಟೆ. 2006ರ ಕಾನೂನು ಆ ಅರ್ಜಿಯ ಹಾದಿಯನ್ನೇ ಮುಚ್ಚಿತು. 2015ರಲ್ಲಿ ಇನ್ನೊಂದು ಹಾದಿ ತೆರೆಯಿತು. ಅದು ಹಿಂದಿನದಕ್ಕಿಂತ ಬಹಳ ಅಗಲವಾದದ್ದು. ಅದರಲ್ಲಿ ಶಾಲೆ ತೆರೆಯುವ ದಿನವೊಂದೇ ಅಲ್ಲ, ಇನ್ನೂ ಅನೇಕ ಸಂಗತಿಗಳು ದಾಟಿಹೋದುವು.

ಮುಂದಿನ ಮಾತಿಗೆ ಮೊದಲು 'ಶಾಲಾ ಜಿಲ್ಲೆ' ಎಂಬ ಪದವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಕಂದಾಯದ ಜಿಲ್ಲೆಯಲ್ಲ. ಒಂದು ಊರೋ, ನಾಲ್ಕಾರು ಊರುಗಳೋ, ಒಂದು ಮಹಾನಗರವೋ ತನ್ನ ಶಾಲೆಗಳಿಗಾಗಿ ಕಟ್ಟಿಕೊಂಡ ಒಂದು ಚಿಕ್ಕ ಸರ್ಕಾರ. ಊರವರೇ ಓಟು ಹಾಕಿ ಆರಿಸಿದ ಧರ್ಮದರ್ಶಿಗಳ ಮಂಡಳಿ ಅದನ್ನು ಆಳುತ್ತದೆ, ಮನೆ ಹೊಲಗಳ ಬೆಲೆಯ ಮೇಲೆ ತೆರಿಗೆ ಎತ್ತುತ್ತದೆ, ಉಪಾಧ್ಯಾಯರನ್ನು ನೇಮಿಸುತ್ತದೆ. ಟೆಕ್ಸಾಸಿನಲ್ಲಿ ಇಂಥ ಜಿಲ್ಲೆಗಳು ಸಾವಿರಕ್ಕೂ ಮೇಲುಂಟು. ಹ್ಯೂಸ್ಟನ್ ಜಿಲ್ಲೆಯೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆ. ಪಶ್ಚಿಮದ ಮರುಭೂಮಿಯ ಕಡೆ ನೂರು ಮಕ್ಕಳೂ ಇಲ್ಲದ ಜಿಲ್ಲೆಗಳಿವೆ. ಆ ಸಂಸ್ಥಾನದ ಸುಮಾರು 55 ಲಕ್ಷ ಮಕ್ಕಳು ಹೀಗೆ ಹಂಚಿಹೋಗಿದ್ದಾರೆ. ಇವರೆಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ಕೆಲಸ ಆಸ್ಟಿನ್ ನಗರದ ಶಾಸನಸಭೆಯದು. ಅಂಗಿ ಕೆಲವರಿಗೆ ಸಡಿಲ, ಕೆಲವರಿಗೆ ಬಿಗಿ. ಗೊಣಗಾಟ ಹಳೆಯದು.

ಅಳತೆಯೇ ಇಲ್ಲದ ಕಾಲವೂ ಒಂದಿತ್ತು. 1949ರವರೆಗೆ ಅಲ್ಲಿ ನಾಲ್ಕೂವರೆ ಸಾವಿರ ಶಾಲಾ ಜಿಲ್ಲೆಗಳಿದ್ದುವು. ಹತ್ತಿಯ ಸುಗ್ಗಿ ಬಂದರೆ ಮಕ್ಕಳು ಹೊಲದಲ್ಲಿರುತ್ತಿದ್ದರು. ಉಪಾಧ್ಯಾಯರ ಸಂಬಳ ಊರಿನ ಕೈಯಳತೆಯದು. ಆ ವರ್ಷ ಬಂದ ಗಿಲ್ಮರ್–ಐಕಿನ್ ಕಾನೂನುಗಳು ಜಿಲ್ಲೆಗಳನ್ನು ಕೂಡಿಸಿ ಸುಮಾರು 2,900ಕ್ಕೆ ಇಳಿಸಿದುವು. ಪ್ರತಿಯೊಂದು ಮಗುವಿಗೂ ವರ್ಷಕ್ಕೆ ಒಂಬತ್ತು ತಿಂಗಳ ಪಾಠ ದೊರೆಯಬೇಕೆಂದುವು. ಉಪಾಧ್ಯಾಯರಿಗೆ ಕನಿಷ್ಠ ಸಂಬಳ ಗೊತ್ತುಮಾಡಿದುವು. ಹಳ್ಳಿಯ ಮುಖಂಡರು ಅಂದು ಇದನ್ನು ರಾಜಧಾನಿಯ ದರ್ಪವೆಂದು ಕರೆದಿದ್ದರೆ ಆಶ್ಚರ್ಯವಿಲ್ಲ. ಮಕ್ಕಳ ಅಭಿಪ್ರಾಯವನ್ನು ಯಾರೂ ಕೇಳಿರಲಾರರು, ಮಕ್ಕಳು ಓಟುದಾರರಲ್ಲವಲ್ಲ.

ಇನ್ನು ಇಪ್ಪತ್ತೆರಡರ ಕಥೆ. 1983ರಲ್ಲಿ ಗವರ್ನರ್ ಮಾರ್ಕ್ ವೈಟ್ ಶಾಲೆಗಳ ದುಃಸ್ಥಿತಿಯನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿ, ಅದರ ತಲೆಯ ಮೇಲೆ ಡಲ್ಲಾಸಿನ ಕೋಟ್ಯಧೀಶ್ವರ, ಕಂಪ್ಯೂಟರ್ ಉದ್ಯಮಿ ರಾಸ್ ಪೆರೋ ಅವರನ್ನು ಕೂರಿಸಿದರು. ಕುಳ್ಳನೆಯ ಆಳು, ಚೂಪು ನಾಲಗೆ, ಯಾರಿಗೂ ತಗ್ಗದ ಸ್ವಭಾವ. ಊರೂರು ತಿರುಗಿದ ಪೆರೋ, ಟೆಕ್ಸಾಸಿನ ಮನೆದೇವರಾದ ಫುಟ್‌ಬಾಲಿನ ಮೇಲೆಯೇ ಕೈಹಾಕಿದರು. 1984ರ ಬೇಸಗೆಯಲ್ಲಿ ಶಾಸನಸಭೆಯ ವಿಶೇಷ ಅಧಿವೇಶನದಲ್ಲಿ ಅಂಗೀಕೃತವಾದ ಕಾನೂನಿನಲ್ಲಿ ಎರಡು ಮಾತುಗಳು ಜನರ ಬಾಯಲ್ಲಿ ನಿಂತುವು. ಯಾವುದಾದರೊಂದು ವಿಷಯದಲ್ಲಿ 70ಕ್ಕಿಂತ ಕಡಮೆ ಅಂಕ ಬಂದ ಹುಡುಗ ಆರು ವಾರ ಆಟದ ಮೈದಾನಕ್ಕೆ ಇಳಿಯುವಂತಿಲ್ಲ ಎಂಬುದು ಒಂದು. ಕೆಳಗಿನ ತರಗತಿಗಳಲ್ಲಿ, ನಾಲ್ಕನೆಯದರವರೆಗೆ, ಒಬ್ಬ ಉಪಾಧ್ಯಾಯರ ಮುಂದೆ 22ಕ್ಕಿಂತ ಹೆಚ್ಚು ಮಕ್ಕಳು ಕೂರುವಂತಿಲ್ಲ ಎಂಬುದು ಇನ್ನೊಂದು. ಅದಾಗಲೇ ಕೆಲಸದಲ್ಲಿದ್ದ ಉಪಾಧ್ಯಾಯರೆಲ್ಲರೂ ಒಂದು ಪರೀಕ್ಷೆಗೆ ಕೂರಬೇಕೆಂಬ ವಿಧಿಯೂ ಬಂತು. 1986ರ ಮಾರ್ಚಿಯಲ್ಲಿ ಆ ಪರೀಕ್ಷೆ ನಡೆಯಿತು. ಬಹುಪಾಲು ಎಲ್ಲರೂ ತೇರ್ಗಡೆಯಾದರು. ಅವಮಾನವನ್ನು ಮಾತ್ರ ಮರೆಯಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಮಾರ್ಕ್ ವೈಟ್ ಸೋತರು. ಶಾಲೆಗೆ ಕಾನೂನು ಮಾಡುವವನಿಗೆ ಹೂಮಾಲೆ ಬೀಳುವುದು ಅಪರೂಪ.

ಇಪ್ಪತ್ತೆರಡು ಎಂಬ ಅಂಕಿಯಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಅದರ ಮರುವರ್ಷ, 1985ರಲ್ಲಿ, ಟೆನಿಸೀ ಸಂಸ್ಥಾನದಲ್ಲಿ ಆರಂಭವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ಚಿಕ್ಕ ತರಗತಿಗಳನ್ನೂ 22ರಿಂದ 25 ಮಕ್ಕಳ ಸಾಧಾರಣ ತರಗತಿಗಳನ್ನೂ ನಾಲ್ಕು ವರ್ಷ ಹೋಲಿಸಿ ನೋಡಿದರು. ಚಿಕ್ಕ ತರಗತಿಯ ಮಕ್ಕಳು ಮುಂದಾದರು. ಬಡವರ ಮಕ್ಕಳಿಗೂ ಕರಿಯ ಮಕ್ಕಳಿಗೂ ಆದ ಲಾಭ ಇನ್ನೂ ಹೆಚ್ಚು. ಎಂದರೆ ಟೆಕ್ಸಾಸ್ ತನ್ನ ದೊಡ್ಡ ಉಪಕಾರವೆಂದು ಎಣಿಸಿದ 22, ಟೆನಿಸೀಯವರ ಲೆಕ್ಕದಲ್ಲಿ ಸಾಧಾರಣದ ಕೆಳಗಿನ ಮೆಟ್ಟಿಲು. ಅರುವತ್ತು ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕಂಡ ವಾಚಕರಿಗೆ ಈ ತೂಕ ನಗು ತರಿಸಬಹುದು. ಆದರೆ ಅಕ್ಷರ ಕಲಿಯುವ ಆರು ವರ್ಷದ ಮಗುವಿಗೆ ಬೇಕಾದದ್ದು ಉಪಾಧ್ಯಾಯಿನಿಯ ಕಣ್ಣು. ದಿನಕ್ಕೊಮ್ಮೆಯಾದರೂ ಆ ಕಣ್ಣು ತನ್ನ ಪುಸ್ತಕದ ಮೇಲೆ ನಿಂತಿತೆ, ಇಲ್ಲವೆ, ಎಂಬುದು ಅದಕ್ಕೆ ಗೊತ್ತಾಗುತ್ತದೆ.

ನಿಯಮದಲ್ಲಿ ಮೊಂಡುತನವಿಲ್ಲವೆಂದಲ್ಲ. ಒಂದನೆಯ ತರಗತಿಯಲ್ಲಿ ಒಟ್ಟು ಇಪ್ಪತ್ತೆರಡೇ ಮಕ್ಕಳಿರುವ ಒಂದು ಚಿಕ್ಕ ಊರಿಗೆ ಅಕ್ಟೋಬರಿನಲ್ಲಿ ಹೊಸದೊಂದು ಸಂಸಾರ ಬಂದಿತೆನ್ನೋಣ. ತಂದೆಗೆ ಎಣ್ಣೆಬಾವಿಯಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಆರು ವರ್ಷ. ಆ ಇಪ್ಪತ್ತಮೂರನೆಯ ಮಗು ಬಾಗಿಲಲ್ಲಿ ನಿಂತೊಡನೆ ಕಾನೂನಿನ ಪ್ರಕಾರ ತರಗತಿಯನ್ನು ಒಡೆದು ಎರಡು ಮಾಡಬೇಕು. ಇನ್ನೊಂದು ಕೊಠಡಿ ಬೇಕು, ಇನ್ನೊಬ್ಬ ಉಪಾಧ್ಯಾಯಿನಿ ಬೇಕು. ಅದಾಗಲೇ ಗೆಳೆತನ ಕೂಡಿಕೊಂಡ ಮಕ್ಕಳಲ್ಲಿ ಅರ್ಧದಷ್ಟು ಬೇರೆಯವರ ಕೈಗೆ ಹೋಗಬೇಕು. ಇದಾಗದಿದ್ದರೆ ಸಂಸ್ಥಾನದ ಶಿಕ್ಷಣ ಕಮಿಷನರಿಗೆ ಅರ್ಜಿ ಬರೆದುಕೊಂಡು ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ದೊರೆತ ಮೇಲೆ ತರಗತಿಯ ಪ್ರತಿಯೊಂದು ಮಗುವಿನ ಮನೆಗೂ 'ನಿಮ್ಮ ಮಗುವಿನ ಕೊಠಡಿಯಲ್ಲಿ ಮಿತಿಗಿಂತ ಹೆಚ್ಚು ಮಕ್ಕಳಿದ್ದಾರೆ' ಎಂದು ಪತ್ರ ಕಳುಹಿಸಬೇಕು. ಒಬ್ಬಳು ಹುಡುಗಿಗಾಗಿ ಇಷ್ಟು ಅವಾಂತರವೆ ಎಂದು ಮುಖ್ಯೋಪಾಧ್ಯಾಯರು ಹಣೆ ಚಚ್ಚಿಕೊಂಡರೆ ತಪ್ಪೆನ್ನಲಾಗದು.

ತೊಂದರೆಯೇನೆಂದರೆ, ಈ ಅರ್ಜಿಗಳು ಹೆಚ್ಚುತ್ತಿದ್ದುದು ಹೊಸ ಹುಡುಗಿಯರು ಬಂದಾಗಲ್ಲ, ಬೊಕ್ಕಸ ಬರಿದಾದಾಗ. 2011ರಲ್ಲಿ ಶಾಸನಸಭೆ ಶಾಲೆಗಳ ಹಣದಲ್ಲಿ 500 ಕೋಟಿ ಡಾಲರಿಗೂ ಮೇಲೆ ಕಡಿತ ಮಾಡಿತು. ಮುಂದಿನ ಶಾಲಾವರ್ಷದಲ್ಲಿ 22ರ ಮಿತಿ ಮೀರಲು ಅಪ್ಪಣೆ ಪಡೆದ ತರಗತಿಗಳ ಸಂಖ್ಯೆ ಒಮ್ಮೆಗೇ ಹಲವು ಪಟ್ಟಾಯಿತು. ಹಾಗಿದ್ದರೂ ಅಂದು ಒಂದು ಅನುಕೂಲವಿತ್ತು. ಅರ್ಜಿ ಒಂದೇ ಕಚೇರಿಗೆ ಹೋಗುತ್ತಿತ್ತು, ಎಣಿಕೆ ಸಿಕ್ಕುತ್ತಿತ್ತು, ಪತ್ರಿಕೆಯವರು ಬರೆಯುತ್ತಿದ್ದರು, ತಾಯಿಗೆ ಪತ್ರ ಬರುತ್ತಿತ್ತು. ವಿನಾಯಿತಿಯು ಕೇಳಿಕೊಂಡು ಪಡೆಯುವ ವಸ್ತುವಾಗಿತ್ತು.

2015ರ ಮಸೂದೆ, ಅದರ ಸಂಖ್ಯೆ 1842, ಈ ರೀತಿಯನ್ನು ಬದಲಿಸಿತು. ಚಾರ್ಟರ್ ಶಾಲೆಗಳೆಂಬ, ಸರ್ಕಾರದ ಹಣ ಪಡೆದು ಖಾಸಗಿ ಮಂಡಳಿಗಳು ನಡೆಸುವ ಶಾಲೆಗಳಿಗೆ 1995ರಿಂದಲೇ ಅನೇಕ ನಿಯಮಗಳಿಂದ ಬಿಡುಗಡೆಯಿತ್ತು. ಅವಕ್ಕೆ ಕೊಟ್ಟ ಸ್ವಾತಂತ್ರ್ಯ ಊರಿನ ಶಾಲೆಗೇಕಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊಸ ಕಾನೂನಿನಂತೆ, ಒಪ್ಪತಕ್ಕ ದರ್ಜೆಯಲ್ಲಿರುವ ಯಾವ ಜಿಲ್ಲೆಯಾದರೂ ತನ್ನನ್ನು 'ನವಪ್ರಯೋಗದ ಜಿಲ್ಲೆ' ಎಂದು ಕರೆದುಕೊಳ್ಳಬಹುದು. ಅದಕ್ಕೊಂದು ಯೋಜನೆ ಬರೆಯಬೇಕು. ಊರವರ ಮುಂದೆ ವಿಚಾರಣೆ ನಡೆಸಬೇಕು. ಯೋಜನೆಯನ್ನು ಮೂವತ್ತು ದಿನ ಎಲ್ಲರಿಗೂ ಕಾಣುವಂತೆ ಅಂತರಜಾಲದಲ್ಲಿ ಪ್ರಕಟಿಸಬೇಕು. ಜಿಲ್ಲೆಯ ಸಲಹಾ ಸಮಿತಿ ಬಹುಮತದಿಂದ ಒಪ್ಪಬೇಕು. ಕಡೆಗೆ ಧರ್ಮದರ್ಶಿಗಳಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಕೈ ಎತ್ತಬೇಕು. ಅಲ್ಲಿಗೆ ಮುಗಿಯಿತು. ಕಮಿಷನರಿಗೆ ತಿಳಿಸಿದರೆ ಸಾಕು. ಅವರ ಒಪ್ಪಿಗೆ ಬೇಕಿಲ್ಲ. ಐದು ವರ್ಷಗಳ ವಾಯಿದೆ, ಮತ್ತೆ ನವೀಕರಣ. ಪಠ್ಯಕ್ರಮ, ಸಂಸ್ಥಾನದ ಪರೀಕ್ಷೆ, ಪದವಿಗೆ ಬೇಕಾದ ವಿಷಯಗಳು, ಇವುಗಳಿಂದ ಮಾತ್ರ ಬಿಡುಗಡೆಯಿಲ್ಲ.

ಹೆಸರು ಕೇಳಿದವರಿಗೆ ಮೈ ನವಿರೇಳಬೇಕು. ನವಪ್ರಯೋಗ! ಸಾವಿರ ಊರುಗಳಲ್ಲಿ ಸಾವಿರ ಬಗೆಯ ಶಾಲೆಗಳು ಅರಳುವುವೆಂದು ಆಶಿಸಿದವರಿದ್ದರು. ಸಂಸ್ಥಾನದ ಜಿಲ್ಲೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಈ ಹೆಸರನ್ನು ಹೊತ್ತುವು. ಆದರೆ ಅವು ಬಯಸಿದ ಬಿಡುಗಡೆಗಳ ಪಟ್ಟಿಯನ್ನು ನೋಡಿದರೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಂತಿದೆ. ಶಾಲೆ ತೆರೆಯುವ ದಿನ, ಉಪಾಧ್ಯಾಯರ ಅರ್ಹತಾಪತ್ರ, ತರಗತಿಯ ಇಪ್ಪತ್ತೆರಡು, ನೂರಕ್ಕೆ ತೊಂಬತ್ತು ಹಾಜರಿ. ಪ್ರಯೋಗವೆಂದು ಕರೆಯಬಹುದಾದದ್ದು ಅಲ್ಲೊಂದು ಇಲ್ಲೊಂದು.

ಶಾಲೆ ತೆರೆಯುವ ದಿನದ ವಿಷಯದಲ್ಲಿ ಊರವರ ವಾದ ಸರಿಯಾಗಿಯೇ ಇತ್ತು. ನಾಲ್ಕನೆಯ ಸೋಮವಾರ ಆರಂಭಿಸಿದರೆ ಮೊದಲ ಅರ್ಧವರ್ಷದ ಪರೀಕ್ಷೆ ಕ್ರಿಸ್‌ಮಸ್ ರಜೆಯ ಆಚೆಗೆ ಬೀಳುತ್ತದೆ, ಇಲ್ಲವೆ ಎರಡು ಅರ್ಧಗಳು ಕುಂಟುತ್ತವೆ. ಓದಿದ್ದನ್ನೆಲ್ಲ ರಜೆಯಲ್ಲಿ ಮರೆತು ಬಂದು ಪರೀಕ್ಷೆಗೆ ಕೂರುವ ಹುಡುಗನ ಪಾಡು ಯಾವ ದೇಶದಲ್ಲಾದರೂ ಒಂದೇ. ಹೋಟೆಲಿನವರ ಲಾಭಕ್ಕಾಗಿ ಇದನ್ನು ಸಹಿಸಬೇಕಾದ ಕಾರಣವಿರಲಿಲ್ಲ. ಈಗ ಆಗಸ್ಟಿನ ಎರಡನೆಯ ವಾರದಲ್ಲೇ ಅಲ್ಲಿನ ಬಹಳಷ್ಟು ಶಾಲೆಗಳ ಗಂಟೆ ಬಾರಿಸುತ್ತದೆ. ಡಲ್ಲಾಸಿನ ಹತ್ತಿರದ ಫ್ರಿಸ್ಕೋ, ಪ್ಲೇನೋ, ಅರ್ವಿಂಗ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬೆಂಗಳೂರಿಗೆ ಹೋಗಿಬರುವ ವಿಮಾನದ ಟಿಕೆಟನ್ನು ಈ ತಾರೀಖು ನೋಡಿಯೇ ಕೊಳ್ಳಬೇಕು. ವರಮಹಾಲಕ್ಷ್ಮಿಯ ಹಬ್ಬವನ್ನು ಅಜ್ಜಿಯ ಮನೆಯಲ್ಲಿ ಮಾಡುವ ಆಸೆ ಎಷ್ಟೋ ಮಂದಿಗೆ ತಪ್ಪಿಹೋಗಿದೆ. ಇದಕ್ಕಿಂತ ದೊಡ್ಡ ನಷ್ಟ ಈ ಬದಲಾವಣೆಯಿಂದ ಆದಂತಿಲ್ಲ.

ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ದಿನವೊಂದನ್ನು ಬದಲಿಸಿಕೊಳ್ಳುವುದಕ್ಕಾಗಿ ಯೋಜನೆ ಬರೆಯಲು ಕುಳಿತವರು, ಕುಳಿತದ್ದಕ್ಕೆ ಇನ್ನೆರಡು ಸಾಲು ಸೇರಿಸಿದರು.

ಅರ್ಹತಾಪತ್ರದ ಸಾಲಿಗೆ ಎಲ್ಲರೂ ಕೊಟ್ಟ ಉದಾಹರಣೆ ವೆಲ್ಡಿಂಗ್ ಕೆಲಸದವನದು. ಎಣ್ಣೆಯ ಕೊಳವೆಗಳನ್ನು ಮೂವತ್ತು ವರ್ಷ ಬೆಸೆದು ಕೈ ಪಳಗಿದವನೊಬ್ಬ ಊರಿನಲ್ಲಿದ್ದಾನೆ. ಹೈಸ್ಕೂಲಿನ ಹುಡುಗರಿಗೆ ಆ ಕಸಬು ಕಲಿಸಲು ಅವನಿಗಿಂತ ಯೋಗ್ಯರಿಲ್ಲ. ಆದರೆ ಅವನಲ್ಲಿ ಉಪಾಧ್ಯಾಯರ ಪತ್ರವಿಲ್ಲ. ಇಂಥವನನ್ನು ಬಾಗಿಲಲ್ಲಿ ತಡೆಯುವ ಕಾನೂನು ಕತ್ತೆಯೇ ಸರಿ ಎಂದು ಯಾರಾದರೂ ಒಪ್ಪುತ್ತಾರೆ. ಒಪ್ಪಿದರು. ಬರೆದ ಸಾಲು ಮಾತ್ರ ಎಷ್ಟೋ ಕಡೆ ವೆಲ್ಡಿಂಗಿಗೆ ಮಾತ್ರ ಎಂದು ನಿಲ್ಲಲಿಲ್ಲ.

ಈ ಸಾಲಿನ ಪರವಾಗಿ ಟೆಕ್ಸಾಸಿನವರು ಹೇಳಬಹುದಾದ ಅತಿ ದೊಡ್ಡ ಸಾಕ್ಷಿ ಅವರದೇ ಚರಿತ್ರೆಯಲ್ಲಿದೆ. 1928ರಲ್ಲಿ ಸ್ಯಾನ್ ಮಾರ್ಕಸ್ಸಿನ ಉಪಾಧ್ಯಾಯರ ಕಾಲೇಜಿನಲ್ಲಿ ಓದುತ್ತಿದ್ದ ಇಪ್ಪತ್ತು ವರ್ಷದ ತರುಣನೊಬ್ಬ, ಹಣ ಸಾಲದೆ ಓದನ್ನು ಅರ್ಧಕ್ಕೆ ನಿಲ್ಲಿಸಿ, ಮೆಕ್ಸಿಕೋ ಗಡಿಯ ಕಡೆಯ ಕಟುಲಾ ಎಂಬ ಸಣ್ಣ ಊರಿಗೆ ಹೋಗಿ ಶಾಲೆಯಲ್ಲಿ ಕೆಲಸಕ್ಕೆ ನಿಂತ. ಕೈಯಲ್ಲಿ ಪದವಿಯಿರಲಿಲ್ಲ. ಮಕ್ಕಳು ಮೆಕ್ಸಿಕೋ ಮೂಲದ ಕೂಲಿಗಾರರ ಮಕ್ಕಳು; ಬೆಳಗಿನ ಹಿಟ್ಟು ಕಾಣದೆ ಶಾಲೆಗೆ ಬರುವವರು; ಇಂಗ್ಲಿಷ್ ಸರಿಯಾಗಿ ಬಾರದವರು. ತರುಣ ತನ್ನ ಮೊದಲ ಸಂಬಳದಲ್ಲಿ ಅವರಿಗೆ ಆಟದ ಸಾಮಾನು ಕೊಂಡುತಂದ. ಹಗಲೂ ಇರುಳೂ ದುಡಿದು ದುಡಿಸಿದ. ಅವನ ಹೆಸರು ಲಿಂಡನ್ ಜಾನ್ಸನ್. ಅಮೆರಿಕದ ಅಧ್ಯಕ್ಷರಾದ ಮೇಲೆ, 1965ರ ಮಾರ್ಚ್ 15ರಂದು ಕರಿಯರ ಓಟಿನ ಹಕ್ಕಿಗಾಗಿ ಕಾಂಗ್ರೆಸ್ಸಿನ ಮುಂದೆ ಮಾಡಿದ ಭಾಷಣದಲ್ಲಿ ಅವರು ನೆನೆದದ್ದು ಆ ಕಟುಲಾದ ಮಕ್ಕಳ ಮುಖಗಳನ್ನು. ಪದವಿಯಿಲ್ಲದ ಉಪಾಧ್ಯಾಯ ಹೀಗೂ ಇರಬಹುದು.

ಹೌದು. ಆದರೆ ಆ ಕಥೆಗೆ ಇನ್ನೊಂದು ಮಗ್ಗುಲುಂಟು. ಜಾನ್ಸನ್ ಪಾಠ ಹೇಳಿದ ವೆಲ್‌ಹೌಸನ್ ಶಾಲೆಯಲ್ಲಿ ಮೆಕ್ಸಿಕೋ ಮೂಲದ ಮಕ್ಕಳಷ್ಟೇ ಏಕಿದ್ದರು? ಬಿಳಿಯರ ಮಕ್ಕಳಿಗೆ ಬೇರೆ ಶಾಲೆಯಿದ್ದುದರಿಂದ. ಊರಿನ ವಿವೇಚನೆ ಎಂಬ ಸವಿಯಾದ ಮಾತಿನಲ್ಲಿ ಅಂದು ಈ ಗೋಡೆಯೂ ಅಡಗಿತ್ತು. ಬಡಮಕ್ಕಳ ಶಾಲೆಗೆ ಅರೆ ಓದಿನ ತರುಣನೇ ಸಾಕು ಎಂದುಕೊಂಡ ಊರಿಗೆ ಜಾನ್ಸನ್ ಸಿಕ್ಕಿದ್ದು ಆ ಮಕ್ಕಳ ಪುಣ್ಯ. ಊರಿನ ವ್ಯವಸ್ಥೆಯ ಗುಣವಲ್ಲ. ಜಾನ್ಸನ್ ಅವರಿಗೆ ಇದು ಯಾರಿಗಿಂತಲೂ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ. ಮರಳಿ ಹೋಗಿ ಓದು ಮುಗಿಸಿ 1930ರಲ್ಲಿ ಪದವಿ ಪಡೆದರು. 1965ರ ಏಪ್ರಿಲ್ 11ರಂದು, ತಾವು ಅಕ್ಷರ ಕಲಿತ ಒಂದೇ ಕೊಠಡಿಯ ಶಾಲೆಯ ಮುಂದೆ ಕುಳಿತು, ತಮ್ಮ ಮೊದಲ ಉಪಾಧ್ಯಾಯಿನಿ ಕೇಟ್ ಡೆಡ್ರಿಕ್ ಲೋನಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಡಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ ಹರಿಸುವ ಕಾನೂನಿಗೆ ರುಜು ಹಾಕಿದರು. ಹಣದ ಹಿಂದೆ ಷರತ್ತುಗಳೂ ಬಂದುವು. ಊರಿನ ಕೈಗೇ ಎಲ್ಲವನ್ನೂ ಬಿಟ್ಟುಬಿಡಲಿಲ್ಲ.

ಇಲ್ಲೊಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾಗದು. ಜಾನ್ಸನ್ನರ ಆ ಕಾನೂನನ್ನು 2002ರಲ್ಲಿ ಬಿಗಿಗೊಳಿಸಿ, 2014ರ ಹೊತ್ತಿಗೆ ದೇಶದ ಪ್ರತಿಯೊಂದು ಮಗುವೂ ಓದಿನಲ್ಲಿ ಗಣಿತದಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿದವರು ಟೆಕ್ಸಾಸಿನಿಂದಲೇ ಬಂದ ಇನ್ನೊಬ್ಬ ಅಧ್ಯಕ್ಷರು, ಜಾರ್ಜ್ ಡಬ್ಲ್ಯೂ. ಬುಷ್. ಅದು ಸಾಧ್ಯವಿಲ್ಲವೆಂದು ಕಂಡಾಗ ಸಂಸ್ಥಾನಗಳು ಒಂದೊಂದಾಗಿ ವಾಷಿಂಗ್‌ಟನ್ನಿನ ಬಾಗಿಲಲ್ಲಿ ವಿನಾಯಿತಿಗೆ ಕೈಚಾಚಿದುವು. 2013ರಲ್ಲಿ ಟೆಕ್ಸಾಸೂ ಪಡೆಯಿತು. ಎರಡು ವರ್ಷದ ಮೇಲೆ ಅದೇ ಸಂಸ್ಥಾನ ತನ್ನ ಕೆಳಗಿನ ಜಿಲ್ಲೆಗಳಿಗೆ ಬಾಗಿಲು ತೆರೆಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ!

ಮತ್ತೆ ಇಪ್ಪತ್ತಮೂರನೆಯ ಮಗುವಿನ ಕಡೆ ಬರೋಣ. ಯೋಜನೆ ಬರೆದ ಜಿಲ್ಲೆಗಳೆಲ್ಲ ತರಗತಿಗಳನ್ನು ತುಂಬಿಬಿಟ್ಟುವೆಂದರೆ ಅದು ಅನ್ಯಾಯದ ಮಾತು. 22ನ್ನು ಗುರಿಯಾಗಿ ಉಳಿಸಿಕೊಂಡು, ಮೀರಿದಾಗ ತಮ್ಮ ಮಂಡಳಿಗೆ ತಿಳಿಸುವ ಏರ್ಪಾಡು ಮಾಡಿಕೊಂಡ ಜಿಲ್ಲೆಗಳು ಹಲವು. ಆದರೆ ಗುರಿ ಬೇರೆ, ಮಿತಿ ಬೇರೆ. ಮಿತಿಯನ್ನು ತಾಯಿ ಎತ್ತಿ ತೋರಿಸಬಹುದು; ಗುರಿಯನ್ನು ತೋರಿಸಿ ಏನು ಕೇಳುವುದು? ಇನ್ನೂ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ಕೆಲವು ಜಿಲ್ಲೆಗಳು ಮಿತಿಯಿಂದಷ್ಟೇ ಅಲ್ಲ, ಮಿತಿ ಮೀರಿದೆಯೆಂದು ಮನೆಗೆ ಪತ್ರ ಬರೆಯುವ ಕರ್ತವ್ಯದಿಂದಲೂ ಬಿಡುಗಡೆ ಪಡೆದುವು. ಪಾಠ ಹೇಳುವವರಿಗೆ ಅರ್ಹತಾಪತ್ರವಿಲ್ಲವೆಂದು ತಂದೆತಾಯಿಗಳಿಗೆ ತಿಳಿಸಬೇಕೆಂಬ ವಿಧಿಯಿಂದಲೂ ಬಿಡಿಸಿಕೊಂಡುವು. ಒಂದು ಕಾಗದ, ಒಂದು ಸಾಲು. ಅದರಲ್ಲಿ ನವಪ್ರಯೋಗಕ್ಕೆ ಯಾವ ಅಡ್ಡಿಯಿತ್ತೋ ತಿಳಿಯದು. ವಿಚಾರಣೆಯ ದಿನ ಸಭಾಭವನದಲ್ಲಿ ಸೂಪರಿಂಟೆಂಡೆಂಟರಿದ್ದರು, ಧರ್ಮದರ್ಶಿಗಳಿದ್ದರು. ಆರು ವರ್ಷದ ಹುಡುಗಿ ಅಲ್ಲಿರುವಂತಿಲ್ಲ. ಅವಳ ತಾಯಿ ಸಂಜೆಯ ಪಾಳಿಯ ಕೆಲಸದಲ್ಲಿದ್ದರೆ ಅವಳೂ ಇರುವಂತಿಲ್ಲ. ಆ ಪತ್ರವೊಂದೇ ಅವರಿಬ್ಬರನ್ನೂ ಆ ಸಭೆಗೆ ಕರೆದೊಯ್ಯಬಲ್ಲದ್ದಾಗಿತ್ತು.

ಹ್ಯೂಸ್ಟನ್ನಿನ ಪ್ರಸಂಗ ಇದೆಲ್ಲಕ್ಕಿಂತ ವಿಚಿತ್ರ. ಬಿಡುಗಡೆ ಕೊಟ್ಟ 1842ನೆಯ ಮಸೂದೆಯ ಇನ್ನೊಂದು ಭಾಗ ಒಂದು ಚಾವಟಿ. ಒಂದು ಶಾಲೆ ಐದು ವರ್ಷ ಒಂದೇ ಸಮನೆ ಕೆಳದರ್ಜೆಯಲ್ಲಿ ಉಳಿದರೆ ಆ ಶಾಲೆಯನ್ನು ಮುಚ್ಚಬೇಕು, ಇಲ್ಲವೆ ಜಿಲ್ಲೆಯ ಚುನಾಯಿತ ಧರ್ಮದರ್ಶಿಗಳನ್ನು ಬದಿಗಿರಿಸಿ ಸಂಸ್ಥಾನವೇ ಆಡಳಿತಗಾರರನ್ನು ನೇಮಿಸಬೇಕು. ವೀಟ್ಲಿ ಹೈಸ್ಕೂಲಿನ ದರ್ಜೆಯಿಂದ ಹುಟ್ಟಿದ ವ್ಯಾಜ್ಯ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದು, 2023ರಲ್ಲಿ ಹ್ಯೂಸ್ಟನ್ ಜಿಲ್ಲೆ ಸಂಸ್ಥಾನದ ಕೈಗೆ ಹೋಯಿತು. ಓಟಿನಿಂದ ಬಂದವರು ಹೊರಗೆ, ನೇಮಕದಿಂದ ಬಂದವರು ಒಳಗೆ. ಹೀಗೆ ಬಂದ ಮಂಡಳಿ ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯೂಸ್ಟನ್ನನ್ನು 'ನವಪ್ರಯೋಗದ ಜಿಲ್ಲೆ'ಯಾಗಿ ಮಾಡಿತು. ಊರಿನವರ ಸ್ವಾತಂತ್ರ್ಯಕ್ಕೆಂದು ಬರೆದ ವಿಧಿಯನ್ನು ಊರಿನವರು ಆರಿಸದ ಕೈಗಳು ಎತ್ತಿ ಅಂಗೀಕರಿಸಿದುವು. ಕಾನೂನಿನ ಅಕ್ಷರದಲ್ಲಿ ದೋಷವಿರಲಿಲ್ಲ. ಸಭೆಯ ನಡವಳಿ ಪುಸ್ತಕದಲ್ಲಿ ಅದು 'ಸ್ಥಳೀಯ ಹತೋಟಿ'ಯೇ.

ಉಪಾಧ್ಯಾಯರ ವಿಷಯಕ್ಕೆ ಕಾಲವೇ ಉತ್ತರ ಕೊಟ್ಟಿತು. 2020ರ ಮಹಾಮಾರಿಯ ಮುಂದಿನ ವರ್ಷಗಳಲ್ಲಿ ಅನೇಕ ಉಪಾಧ್ಯಾಯರು ಕೆಲಸ ಬಿಟ್ಟರು, ಸಂಬಳ ಏರಲಿಲ್ಲ, ಖಾಲಿ ಜಾಗಗಳನ್ನು ತುಂಬಲು ಹಳೆಯ ವಿನಾಯಿತಿಯ ಸಾಲು ಕೈಗೆ ಸಿದ್ಧವಾಗಿತ್ತು. 2023–24ರಲ್ಲಿ ಟೆಕ್ಸಾಸಿನ ಶಾಲೆಗಳಿಗೆ ಹೊಸದಾಗಿ ನೇಮಕವಾದ ಉಪಾಧ್ಯಾಯರಲ್ಲಿ ಸುಮಾರು ಮೂವರಿಗೊಬ್ಬರ ಬಳಿ ಅರ್ಹತಾಪತ್ರವಿರಲಿಲ್ಲ. ವೆಲ್ಡಿಂಗ್ ಶಾಲೆಯ ಹಿಂಬಾಗಿಲಿನಿಂದ ಹೊರಟ ರಿಯಾಯಿತಿ ಒಂದನೆಯ ತರಗತಿಯ ಓದಿನ ಪಾಠದವರೆಗೆ ನಡೆದುಬಂದಿತ್ತು. ಟೆಕ್ಸಾಸ್ ಟೆಕ್ ವಿಶ್ವವಿದ್ಯಾನಿಲಯದ ಸಂಶೋಧಕರು 2024ರಲ್ಲಿ ಹೇಳಿದ ಪ್ರಕಾರ, ಪತ್ರವಿಲ್ಲದ ಹೊಸ ಉಪಾಧ್ಯಾಯರ ಕೈಯಲ್ಲಿ ಕಲಿತ ಮಕ್ಕಳು ಓದಿನಲ್ಲಿ ಸುಮಾರು ನಾಲ್ಕು ತಿಂಗಳ, ಗಣಿತದಲ್ಲಿ ಸುಮಾರು ಮೂರು ತಿಂಗಳ ಕಲಿಕೆಯಷ್ಟು ಹಿಂದುಳಿದರು. ಮೊದಲೇ ಸರ್ಕಾರೀ ಶಾಲೆಗಳಲ್ಲಿ ಕೆಲಸ ಮಾಡಿ ಅನುಭವ ಪಡೆದಿದ್ದವರ ವಿಷಯ ಬೇರೆ. ಪತ್ರವೆಂಬ ಕಾಗದಕ್ಕಿಂತ ಅದರ ಹಿಂದಿನ ಅಭ್ಯಾಸಕ್ಕೆ ಬೆಲೆಯೆಂದು ಇದರಿಂದ ತೋರುತ್ತದೆ. ಜಾನ್ಸನ್ನರಂಥ ಹುಟ್ಟು ಉಪಾಧ್ಯಾಯರನ್ನು ಲೆಕ್ಕಕ್ಕೆ ಹಿಡಿದು ಸಾವಿರಾರು ಕೊಠಡಿಗಳನ್ನು ತುಂಬಲಾಗದೆಂದೂ ತೋರುತ್ತದೆ.

ಕೊನೆಗೆ 2025ರ ಬೇಸಗೆಯಲ್ಲಿ ಶಾಸನಸಭೆ ತಾನು ಬಿಟ್ಟ ಹಗ್ಗವನ್ನು ಮತ್ತೆ ಸ್ವಲ್ಪ ಎಳೆದುಕೊಂಡಿತು. ಶಾಲೆಗಳಿಗೆ 800 ಕೋಟಿ ಡಾಲರಿಗೂ ಹೆಚ್ಚಿನ ಹಣ ಒದಗಿಸುವ ಕಾನೂನಿನೊಡನೆ, ಮುಖ್ಯ ವಿಷಯಗಳನ್ನು ಅರ್ಹತಾಪತ್ರವಿಲ್ಲದವರು ಕಲಿಸುವುದನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ವಿಧಿಸಿತು. ಹಣವಿಲ್ಲದೆ ನಿಯಮ ಹಾಕುವುದಕ್ಕಿಂತ ಇದು ಮೇಲು. ಶಾಲೆ ತೆರೆಯುವ ದಿನವನ್ನು ಊರುಗಳ ಕೈಗೇ ಬಿಟ್ಟಿದೆ. ಅದನ್ನು ಮರಳಿ ಕೇಳುವವರು ಹೋಟೆಲಿನವರ ಹೊರತು ಯಾರೂ ಇಲ್ಲ. ಇಪ್ಪತ್ತೆರಡರ ಮಿತಿ ಮಾತ್ರ ಯೋಜನೆ ಬರೆದ ಜಿಲ್ಲೆಗಳಲ್ಲಿ ಆಯಾ ಯೋಜನೆ ಹೇಳಿದಂತೆ. ಐದು ವರ್ಷಕ್ಕೊಮ್ಮೆ ಅದರ ನವೀಕರಣದ ದಿನ ಬರುತ್ತದೆ.

ಅರ್ಹತಾಪತ್ರದ ಹೊಸ ವಿಧಿ ಪೂರ್ತಿಯಾಗಿ ಜಾರಿಗೆ ಬರಲು ಈ ದಶಕದ ಕೊನೆಯವರೆಗೆ ಗಡುವುಂಟು. ಮೊದಲ ನವಪ್ರಯೋಗಗಳ ಕಾಲದಲ್ಲಿ, 2017ರ ಆಗಸ್ಟಿನಲ್ಲಿ, ಒಂದನೆಯ ತರಗತಿಗೆ ಸೇರಿದ ಮಗು 2029ರ ಮೇ ತಿಂಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ಶಾಲೆಯಿಂದ ಹೊರಡುತ್ತದೆ.